ಸಂದಿನ ಲೆಕ್ಕ

ಯಂತ್ರವೆಂದರೆ ಒಂದನ್ನೊಂದು ಮುಟ್ಟಿಕೊಂಡು ನಡೆಯುವ ಭಾಗಗಳ ಕೂಟವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬೀಸುವ ಕಲ್ಲಿನಲ್ಲಿ ಮೇಲಿನ ಕಲ್ಲು ಕೆಳಗಿನದನ್ನು ಉಜ್ಜುತ್ತದೆ. ಗೋಡೆ ಗಡಿಯಾರದಲ್ಲಿ ಒಂದು ಚಕ್ರದ ಹಲ್ಲು ಇನ್ನೊಂದರ ಹಲ್ಲನ್ನು ನೂಕುತ್ತದೆ. ಹೀಗೆ ಮುಟ್ಟುವುದರಿಂದಲೇ ಕೆಲಸ ಸಾಗುತ್ತದೆ, ಮುಟ್ಟುವುದು ತಪ್ಪಿದರೆ ಯಂತ್ರ ಕೆಟ್ಟಿತೆಂದು ಲೆಕ್ಕ. ಆದರೆ ಮುಟ್ಟದೆ ಇರುವುದರಿಂದಲೇ ತಮ್ಮ ಕೆಲಸವನ್ನು ಮಾಡುವ ಭಾಗಗಳೂ ಯಂತ್ರಗಳಲ್ಲಿ ಉಂಟು. ಅವುಗಳ ನಡುವೆ ಇರಬೇಕಾದ ತೆರಪು ಕೊಂಚ ಕಡಮೆಯಾದರೂ ಕೇಡು, ಕೊಂಚ ಹೆಚ್ಚಾದರೂ ಕೇಡು. ಅಂಥದೊಂದು ತೆರಪಿನ ವಿಷಯವಾಗಿ ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಅದು ಇರುವುದು ಜರ್ಮನಿಯ ಪೋರ್ಷೆ ಸಂಸ್ಥೆಯ 944 ಎಂಬ ಹಳೆಯ ಕ್ರೀಡಾಕಾರಿನ ಎಂಜಿನ್ನಿನಲ್ಲಿ. ಅದರ ಅಳತೆ 0.8 ಮಿಲಿಮೀಟರ್.

ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಮೋಟಾರಿನ ಗೊಡವೆ ಏಕೆಂದು ಕೇಳುವವರು ಇರಬಹುದು. ಅಳತೆಯೆಂಬುದು ಎಂಜಿನಿಯರುಗಳ ಸೊತ್ತು ಮಾತ್ರವೇನಲ್ಲ. ಮಾತ್ರೆಯನ್ನೂ ಗಣವನ್ನೂ ಯತಿಯನ್ನೂ ಎಣಿಸುತ್ತ ಕಾಲ ಕಳೆದವರಿಗೆ ಅದು ತೀರ ಅಪರಿಚಿತವಾದ ವಿಷಯವಲ್ಲ.

ಮೊದಲು ಎಂಜಿನ್ನಿಗೆ ಈ ತೆರಪು ಏಕೆ ಬೇಕೆಂಬುದನ್ನು ನೋಡೋಣ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಅದು ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಮೇಲಕ್ಕೆ ಒತ್ತಿಕೊಂಡು ಹೋದಾಗ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಪಿಸ್ಟನ್ನು ತುತ್ತತುದಿಯನ್ನು ಮುಟ್ಟಿದ ಮೇಲೆ ಕಿಡಿ ಹಾರಿದರೆ ತಡವಾಯಿತು. ಬೆಂಕಿ ಹರಡುವುದಕ್ಕೂ ಕಾಲ ಬೇಕಷ್ಟೆ? ಆದುದರಿಂದ ತುದಿ ಇನ್ನೂ ಇಷ್ಟು ಡಿಗ್ರಿ ದೂರವಿದೆ ಎನ್ನುವಾಗಲೇ ಕಿಡಿಯನ್ನು ಕೊಡಬೇಕು. ವೇಗ ಹೆಚ್ಚಿದಂತೆ ಇನ್ನೂ ಮುಂಚೆ ಕೊಡಬೇಕು. ತೀರ ಮುಂಚೆಯಾದರೆ ಏರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆ ಪೆಟ್ಟು ಬಿದ್ದಂತಾಗಿ ಎಂಜಿನ್ನಿಗೆ ಅಪಾಯ. ತಡವಾದರೆ ಬಲವೂ ನಷ್ಟ, ಪೆಟ್ರೋಲೂ ನಷ್ಟ.

ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಸುತ್ತಿಗೆ 360 ಡಿಗ್ರಿಯಂತೆ ಸೆಕೆಂಡಿಗೆ 18,000 ಡಿಗ್ರಿಯಾಯಿತು. ಅಂದರೆ ಒಂದು ಡಿಗ್ರಿಯ ಹೆಚ್ಚುಕಡಿಮೆಗೆ ದೊರೆಯುವ ಕಾಲ ಒಂದು ಸೆಕೆಂಡಿನ ಹದಿನೆಂಟು ಸಾವಿರದಲ್ಲೊಂದು ಪಾಲು. ನಾಲ್ಕು ಸಿಲಿಂಡರುಗಳ ಎಂಜಿನ್ನಾದರೆ ಆ ಒಂದು ಸೆಕೆಂಡಿನಲ್ಲಿ ನೂರು ಕಿಡಿಗಳು ಹಾರಬೇಕು, ಒಂದೊಂದೂ ತನ್ನ ಹೊತ್ತಿಗೆ ಸರಿಯಾಗಿ.

ಈ ಹೊತ್ತನ್ನು ಕಾಯುವ ಕೆಲಸವನ್ನು ಹಿಂದಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ಮಾಡುತ್ತಿತ್ತು. ಅಂಬಾಸಿಡರ್ ಕಾರನ್ನು ಇಟ್ಟುಕೊಂಡಿದ್ದವರಿಗೆ ಈ ಮಾತು ಚೆನ್ನಾಗಿ ಗೊತ್ತು. ಎರಡು ಪುಟ್ಟ ಲೋಹದ ತುದಿಗಳು ಕೂಡುತ್ತ ಅಗಲುತ್ತ ಇರುತ್ತಿದ್ದುವು. ಅವು ಪೂರ್ತಿ ಅಗಲಿದಾಗ ನಡುವಿನ ಸಂದು 0.35ರಿಂದ 0.40 ಮಿಲಿಮೀಟರ್ ಇರಬೇಕಾಗಿತ್ತು. ಮೇಸ್ತ್ರಿಯ ಬಳಿ ಫೀಲರ್ ಗೇಜ್ ಇದ್ದರೆ ಅದರ ತೆಳ್ಳನೆಯ ತಗಡನ್ನು ತೂರಿಸಿ ನೋಡುತ್ತಿದ್ದ. ಇಲ್ಲವಾದರೆ ಯಾರದೋ ವಿಸಿಟಿಂಗ್ ಕಾರ್ಡೇ ಸಾಕಾಗುತ್ತಿತ್ತು. ಆದರೆ ಆ ತುದಿಗಳು ಪ್ರತಿ ಸಾರಿ ಅಗಲುವಾಗಲೂ ಅಷ್ಟಷ್ಟು ಸುಟ್ಟು ಸವೆಯುತ್ತಿದ್ದುವು. ಸಂದು ಬದಲಾದಂತೆ ಕಿಡಿಯ ಹೊತ್ತೂ ಬದಲಾಗುತ್ತಿತ್ತು. ಕೆಲವು ಸಾವಿರ ಕಿಲೋಮೀಟರುಗಳಿಗೊಮ್ಮೆ ಗಾಡಿಯನ್ನು ಮೇಸ್ತ್ರಿಯ ಮುಂದೆ ನಿಲ್ಲಿಸುವುದು ತಪ್ಪುತ್ತಿರಲಿಲ್ಲ.

ಈ ಸವೆತಕ್ಕೆ ಎಡೆಯಿಲ್ಲದ ಮೋಟ್ರಾನಿಕ್ ಎಂಬ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಸಂಸ್ಥೆ ರೂಪಿಸಿತು. ಬೆಂಗಳೂರಿನವರಿಗೆ ಈ ಸಂಸ್ಥೆ ಹೊರಗಿನದೇನಲ್ಲ. 1951ರಲ್ಲಿ ಸ್ಥಾಪನೆಗೊಂಡು ಆಡುಗೋಡಿಯಲ್ಲಿ ಬೇರೂರಿದ ಮೈಕೋ ಇದರದೇ ಶಾಖೆ. 2008ರಿಂದ ಅದರ ಹೆಸರೂ ಬಾಷ್ ಎಂದೇ ಆಗಿದೆ. ಮೋಟ್ರಾನಿಕ್ ಮೊದಲು ಬಂದದ್ದು 1979ರಲ್ಲಿ, ಬಿ.ಎಂ.ಡಬ್ಲ್ಯು. 732ಐ ಎಂಬ ಕಾರಿನಲ್ಲಿ. ಕಿಡಿ ಯಾವಾಗ ಹಾರಬೇಕು, ಪೆಟ್ರೋಲು ಎಷ್ಟು ಚಿಮ್ಮಬೇಕು ಎಂಬ ಎರಡನ್ನೂ ಒಂದೇ ಗಣಕ ಕೂಡಿಕಳೆದು ನಿರ್ಧರಿಸುವುದು ಅದರ ವಿಶೇಷ. 1982ರಲ್ಲಿ ಹೊರಬಂದ ಪೋರ್ಷೆ 944 ಕಾರಿಗೂ ಇದೇ ಮೋಟ್ರಾನಿಕ್ಕನ್ನು ಅಳವಡಿಸಿದರು. 1991ರವರೆಗೆ ತಯಾರಾದ ಈ ಮಾದರಿಯ ಕಾರುಗಳ ಸಂಖ್ಯೆ 1,60,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ತಯಾರಾದದ್ದು ನೆಕರ್ಸುಲ್ಮ್ ಎಂಬ ಊರಿನ ಕಾರ್ಖಾನೆಯಲ್ಲಿ.

ಗಣಕ ಎಷ್ಟೇ ಜಾಣನಾಗಿರಲಿ, ಅದಕ್ಕೆ ಕಣ್ಣಿಲ್ಲ. ಎಂಜಿನ್ನು ಈಗ ಯಾವ ವೇಗದಲ್ಲಿದೆ, ಪಿಸ್ಟನ್ನು ಎಲ್ಲಿದೆ ಎಂಬುದನ್ನು ಯಾರಾದರೂ ಹೇಳಬೇಕು. ಅದನ್ನು ಹೇಳುವುದಕ್ಕೆ 944ರ ಎಂಜಿನ್ನಿನ ಹಿಂಬದಿಯಲ್ಲಿ, ಫ್ಲೈವೀಲ್ ಎಂಬ ಭಾರವಾದ ಚಕ್ರಕ್ಕೆ ಎದುರಾಗಿ, ಎರಡು ಸೆನ್ಸರುಗಳು ಒಂದೇ ಹಿಡಿಕೆಯ ಮೇಲೆ ಅಕ್ಕಪಕ್ಕದಲ್ಲಿ ಕುಳಿತಿವೆ. ಫ್ಲೈವೀಲಿನ ಅಂಚಿನಲ್ಲಿ ಬಳೆಯಂತೆ ಸುತ್ತುವರಿದ 132 ಹಲ್ಲುಗಳಿವೆ. ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ತಿರುಗಿಸುವುದು ಈ ಹಲ್ಲುಗಳನ್ನು ಹಿಡಿದೇ. ಒಂದು ಸೆನ್ಸರು ಆ ಹಲ್ಲುಗಳನ್ನು ಎಣಿಸುತ್ತದೆ. ಚಕ್ರದ ಮೇಲೆ ಬೇರೊಂದು ಕಡೆ ಒಂದೇ ಒಂದು ಪುಟ್ಟ ತಿರುಪು ತಲೆಯೆತ್ತಿಕೊಂಡಿದೆ. ಎರಡನೆಯ ಸೆನ್ಸರು ಆ ತಿರುಪು ತನ್ನೆದುರು ಹಾದುಹೋಗುವುದನ್ನೇ ಕಾಯುತ್ತಿರುತ್ತದೆ. ಮೊದಲನೆಯದು ತಾಳದ ಎಣಿಕೆಯನ್ನೂ ಎರಡನೆಯದು ಆವರ್ತದ ಆರಂಭವನ್ನೂ ತಿಳಿಸುತ್ತದೆ ಎಂದರೆ ಸಂಗೀತ ಬಲ್ಲವರಿಗೆ ವಿಷಯ ಸ್ಪಷ್ಟವಾದೀತು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಮೊದಲನೆಯದು ಸೆಕೆಂಡಿಗೆ 6600 ಹಲ್ಲುಗಳನ್ನು ಎಣಿಸಿದರೆ ಎರಡನೆಯದು ಬರಿಯ 50 ಬಾರಿ ತಿರುಪನ್ನು ಕಾಣುತ್ತದೆ.

ಇವನ್ನು ಗುರುತಿಸುವ ತಂತಿಗಳ ಮೇಲೆ ಜರ್ಮನರು ಡಿ.ಜಿ. ಮತ್ತು ಬಿ.ಜಿ. ಎಂಬ ಅಕ್ಷರಗಳನ್ನು ಬರೆದಿದ್ದಾರೆ. ಡ್ರೇತ್ಸಾಲ್‌ಗೇಬರ್ ಎಂದರೆ ಸುತ್ತಿನ ಎಣಿಕೆಯನ್ನು ಕೊಡುವುದು. ಬೆತ್ಸೂಗ್ಸ್‌ಮಾರ್ಕೆನ್‌ಗೇಬರ್ ಎಂದರೆ ಗುರುತಿನ ನೆಲೆಯನ್ನು ಕೊಡುವುದು. ಇಂಗ್ಲಿಷಿನವರು ಸೆನ್ಸರ್ ಎಂದು, ಅಂದರೆ ಅರಿಯುವಂಥದು ಎಂದು ಹೆಸರಿಟ್ಟರು. ನಮ್ಮ ವಿಜ್ಞಾನ ಲೇಖಕರೂ ಅದನ್ನೇ ಅನುಸರಿಸಿ ಸಂವೇದಕ ಎಂದರು. ಜರ್ಮನರ ಗೇಬರ್ ಎಂಬುದಕ್ಕಾದರೋ ಕೊಡುವವನು, ದಾತೃ ಎಂದು ಅರ್ಥ. ಒಂದೇ ವಸ್ತುವನ್ನು ಒಬ್ಬರು ಚಕ್ರದ ಕಡೆಯಿಂದ ನೋಡಿದರು, ಇನ್ನೊಬ್ಬರು ಗಣಕದ ಕಡೆಯಿಂದ ನೋಡಿದರು. ಅದು ಇತ್ತ ಅರಿಯುತ್ತದೆ, ಅತ್ತ ಕೊಡುತ್ತದೆ.

ಹೇಗೆ ಅರಿಯುತ್ತದೆ? 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇಲ್ಲಿಯೂ ನಡೆಯುವುದು. ಸೆನ್ಸರಿನೊಳಗೆ ಒಂದು ಅಯಸ್ಕಾಂತ, ಒಂದು ಮೆದು ಕಬ್ಬಿಣದ ಕಡ್ಡಿ, ಅದರ ಸುತ್ತ ನವುರಾದ ತಾಮ್ರದ ತಂತಿಯ ಸುರುಳಿ ಇಷ್ಟೇ ಇರುವುದು. ಉಕ್ಕಿನ ಹಲ್ಲು ಎದುರಿಗೆ ಬಂದಾಗ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹ ಏರುತ್ತದೆ, ಹಲ್ಲು ದಾಟಿಹೋದಾಗ ಇಳಿಯುತ್ತದೆ. ಈ ಏರಿಳಿತವೇ ಸುರುಳಿಯಲ್ಲಿ ವಿದ್ಯುತ್ತಿನ ಅಲೆಯನ್ನು ಹುಟ್ಟಿಸುತ್ತದೆ. ಚಕ್ರ ನಿಂತಿದ್ದರೆ ಹಲ್ಲು ಎಷ್ಟು ಹತ್ತಿರದಲ್ಲಿದ್ದರೂ ಅಲೆಯಿಲ್ಲ. ಸೆನ್ಸರು ಗುರುತಿಸುವುದು ಬದಲಾವಣೆಯನ್ನು ಮಾತ್ರ.

ಹೀಗಾಗಿ ಅಲೆಯ ಬಲ ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು ಚಕ್ರದ ವೇಗ, ಇನ್ನೊಂದು ನಡುವಿನ ದೂರ. ವೇಗ ಹೆಚ್ಚಿದರೆ ಅಲೆ ದೊಡ್ಡದಾಗುತ್ತದೆ. ದೂರ ಹೆಚ್ಚಿದರೆ ಅಲೆ ಬಹು ಬೇಗನೆ ಕುಗ್ಗಿಹೋಗುತ್ತದೆ. ಕಾರನ್ನು ಹೊರಡಿಸುವಾಗ ಸ್ಟಾರ್ಟರು ಎಂಜಿನ್ನನ್ನು ನಿಮಿಷಕ್ಕೆ ಸುಮಾರು 200 ಸುತ್ತು ಮಾತ್ರ ತಿರುಗಿಸಬಲ್ಲುದು. ಅಲೆ ಅತ್ಯಂತ ಕ್ಷೀಣವಾಗಿರುವುದು ಆಗಲೇ, ಅದರ ಅವಶ್ಯಕತೆ ಅತ್ಯಂತ ಹೆಚ್ಚಾಗಿರುವುದೂ ಆಗಲೇ. ಸೆನ್ಸರು ಸಲ್ಲದಷ್ಟು ದೂರವಿದ್ದರೆ ಗಣಕಕ್ಕೆ ಏನೂ ಕೇಳಿಸದು. ಎಂಜಿನ್ನು ತಿರುಗುತ್ತಿಲ್ಲವೆಂದೇ ಅದು ತಿಳಿಯುತ್ತದೆ. ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲ್ ಪಂಪನ್ನೂ ನಡೆಸುವುದಿಲ್ಲ. ಇದರಲ್ಲಿ ಒಂದು ವಿವೇಕವಿದೆ. ಅಪಘಾತದಲ್ಲಿ ಎಂಜಿನ್ನು ನಿಂತುಹೋದರೆ ಪಂಪು ಪೆಟ್ರೋಲನ್ನು ಸುರಿಸುತ್ತಲೇ ಇರಬಾರದಲ್ಲವೆ? ಆದರೆ ಸಂದಿನ ಲೆಕ್ಕ ತಪ್ಪಿದಾಗ ಅದೇ ವಿವೇಕ ಮಾಲೀಕನನ್ನು ಮನೆಯ ಮುಂದೆಯೇ ನಿಲ್ಲಿಸಿಬಿಡುತ್ತದೆ.

ಹಾಗಾದರೆ ಸೆನ್ಸರನ್ನು ಆದಷ್ಟು ಹತ್ತಿರಕ್ಕೆ ತಂದುಬಿಟ್ಟರಾಗದೆ? ಆಗದು. ಫ್ಲೈವೀಲು ಬಿಸಿಯಾದಾಗ ಹಿಗ್ಗುತ್ತದೆ, ತಿರುಗುವಾಗ ಕಿಂಚಿತ್ತಾದರೂ ಓಲಾಡುತ್ತದೆ. ಆ ತಿರುಪು ಒಮ್ಮೆ ತಾಗಿತೆಂದರೆ ಸೆನ್ಸರಿನ ಮೂತಿ ಮುರಿಯುತ್ತದೆ. ಆದುದರಿಂದಲೇ ಕಾರ್ಖಾನೆಯವರು 0.8 ಮಿಲಿಮೀಟರ್ ಎಂದು ವಿಧಿಸಿ, 0.3ರಷ್ಟು ಹೆಚ್ಚಾಗಲಿ ಕಡಮೆಯಾಗಲಿ ಇರಬಹುದೆಂದು ಅವಕಾಶ ಕೊಟ್ಟರು. 0.5ಕ್ಕಿಂತ ಹತ್ತಿರವೂ ಸಲ್ಲದು, 1.1ಕ್ಕಿಂತ ದೂರವೂ ಸಲ್ಲದು. ಈ ಅವಕಾಶಕ್ಕೆ ಎಂಜಿನಿಯರುಗಳು ಟಾಲರೆನ್ಸ್ ಎನ್ನುತ್ತಾರೆ. ಆ ಮಾತಿಗೆ ಸೈರಣೆ ಎಂಬ ಅರ್ಥವೂ ಉಂಟು. 0.8 ಮಿಲಿಮೀಟರ್ ಎಂದರೆ ಎಷ್ಟೆಂದು ತಿಳಿಯಬೇಕಾದರೆ ನಿಮ್ಮ ಬ್ಯಾಂಕಿನ ಕಾರ್ಡನ್ನು ಅಂಚಿನಿಂದ ನೋಡಿ. ಅದರ ದಪ್ಪ 0.76 ಮಿಲಿಮೀಟರ್.

ಕೆಲವು ವರ್ಷಗಳ ಕೆಳಗೆ ನಾನು ಸ್ಟುಟ್‌ಗಾರ್ಟಿನ ಸಮೀಪದ ಒಂದು ಊರಿನಲ್ಲಿ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆ. ನೆರೆಮನೆಯಲ್ಲಿ ಒಬ್ಬ ಶಾಲಾ ಉಪಾಧ್ಯಾಯಿನಿ ಇದ್ದರು. ಅವರ ತೀರಿಹೋದ ತಂದೆ 1986ರಲ್ಲಿ ಕೊಂಡ 944 ಅವರ ಕೊಟ್ಟಿಗೆಯಲ್ಲಿತ್ತು. ಆ ದೇಶದಲ್ಲಿ ಮೂವತ್ತು ವರ್ಷ ದಾಟಿದ, ಮೂಲಸ್ವರೂಪ ಕೆಡದ ಕಾರುಗಳಿಗೆ ಎಚ್ ಎಂಬ ಅಕ್ಷರವುಳ್ಳ ವಿಶೇಷ ಸಂಖ್ಯಾಫಲಕವನ್ನು ಕೊಡುತ್ತಾರೆ. ಈ ಕಾರಿಗೂ ಅದು ದೊರೆತಿತ್ತು. ಕ್ಲಚ್ಚು ಸವೆದಿತ್ತೆಂದು ಒಂದು ವರ್ಕ್‌ಶಾಪಿನಲ್ಲಿ ಅದನ್ನು ಬದಲಾಯಿಸಿದರಂತೆ. ಅಲ್ಲಿಂದ ಮುಂದೆ ಚಳಿಯ ಬೆಳಗುಗಳಲ್ಲಿ ಕಾರು ಹೊರಡಲು ಹಟಮಾಡತೊಡಗಿತು. ಕೊನೆಗೆ ಹೊರಡುವುದನ್ನೇ ಬಿಟ್ಟಿತು. ವರ್ಕ್‌ಶಾಪಿನವರು ಪರೀಕ್ಷಿಸಿ, ಗಣಕವೇ ಕೆಟ್ಟಿದೆ, ಹೊಸದನ್ನು ಹಾಕುವ ಖರ್ಚಿಗೆ ಕಾರು ತಾಳದು, ಬಿಡಿಭಾಗಗಳ ಬೆಲೆಗೆ ಮಾರಿಬಿಡಿ ಎಂದರು. ಆಕೆ ಕೊಳ್ಳುವವರಿಗೆ ಮಾತುಕೊಡುವ ಹಂತಕ್ಕೂ ಬಂದಿದ್ದರು.

ಆ ಬೀದಿಯಲ್ಲಿಯೇ ವಾಸವಾಗಿದ್ದ ಒಬ್ಬ ನಿವೃತ್ತ ಉಪಕರಣ ತಯಾರಕರು ಒಂದು ಶನಿವಾರ ಬಂದು ನೋಡಿದರು. ಎಪ್ಪತ್ತೈದು ದಾಟಿದ ವಯಸ್ಸು, ಮಾತು ಕಡಮೆ. ಅವರು ಹೇಳುತ್ತಿದ್ದುದನ್ನು ಮಗಳು ನನಗೆ ಕನ್ನಡದಲ್ಲಿ ತಿಳಿಸುತ್ತಿದ್ದಳು. ಅವರು ಮೊದಲು ಸ್ಟಾರ್ಟರನ್ನು ಒತ್ತಿಸಿ, ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಟ್ಯಾಕೋಮೀಟರಿನ ಮುಳ್ಳನ್ನು ನೋಡಿದರು. ಸೆನ್ಸರಿನ ಅಲೆ ಗಣಕವನ್ನು ಮುಟ್ಟುತ್ತಿದ್ದರೆ ಆಗ ಆ ಮುಳ್ಳು ಅಷ್ಟಿಷ್ಟು ಮಿಡಿಯಬೇಕು. ಅದು ಕದಲಲಿಲ್ಲ. ಎರಡು ತಂತಿಗಳ ಕೂಡುಗಳೂ ಒಂದೇ ಆಕಾರದವಾದ್ದರಿಂದ ಅದಲುಬದಲಾಗುವುದುಂಟು. ಡಿ.ಜಿ., ಬಿ.ಜಿ. ಎಂಬ ಅಕ್ಷರಗಳನ್ನು ಓದಿ, ಅವು ಸರಿಯಾಗಿವೆಯೆಂದು ಖಚಿತಮಾಡಿಕೊಂಡರು. ಸುರುಳಿಗಳ ವಿದ್ಯುತ್ ತಡೆಯನ್ನು ಅಳೆದರು. ಅದು 600ರಿಂದ 1600 ಓಮ್‌ಗಳ ನಡುವೆ ಇರಬೇಕು. ಎರಡೂ ಆ ಮಿತಿಯೊಳಗೇ ಇದ್ದುವು. ಇನ್ನು ಉಳಿದದ್ದು ಸಂದು. ಸೆನ್ಸರು ಕೂರುವ ರಂಧ್ರದ ಆಳವನ್ನು ವರ್ನಿಯರಿನಿಂದ ಅಳೆದು, ಸೆನ್ಸರಿನ ಉದ್ದವನ್ನು ಕಳೆದು ನೋಡಿದಾಗ ಅದು ಹೆಚ್ಚುಕಡಮೆ ಇಮ್ಮಡಿಯಾಗಿತ್ತು. ಕ್ಲಚ್ಚಿನ ಕೆಲಸಕ್ಕೆ ಸೆನ್ಸರುಗಳನ್ನು ತೆಗೆಯಲೇಬೇಕು. ಆಗ ಹಿಡಿಕೆಯೂ ಕದಲಿತ್ತು. ಮತ್ತೆ ಬಿಗಿದವರು ಕೈಗೆ ಬಂದಂತೆ ಬಿಗಿದಿದ್ದರು.

ಆ ಬಳಿಕ ಅವರು ಮಾಡಿದ ಕೆಲಸವನ್ನು ವಿವರಿಸಬೇಕು. ಆ ಜಾಗ ಎಂಜಿನ್ನಿನ ಹಿಂದೆ, ಕಾರಿನ ಅಡ್ಡಗೋಡೆಗೆ ಒತ್ತಿಕೊಂಡಿದೆ. ಕಣ್ಣು ಹೋಗದು, ಕೈ ಕಷ್ಟದಿಂದ ಹೋಗುತ್ತದೆ. ಅಲ್ಲಿ ಫೀಲರ್ ಗೇಜನ್ನು ತೂರಿಸಲು ದಾರಿಯೇ ಇಲ್ಲ. ಆದ್ದರಿಂದ ಸಂದನ್ನು ನೇರವಾಗಿ ಅಳೆಯುವ ಬದಲು ಸಂದಿನಷ್ಟೇ ದಪ್ಪದ ವಸ್ತುವೊಂದನ್ನು ನಡುವೆ ಇಟ್ಟು, ಆಮೇಲೆ ಅದನ್ನು ತೆಗೆದುಬಿಡುವ ಉಪಾಯ. 4 ಮಿಲಿಮೀಟರ್ ತಿರುಪಿಗೆ ಹಾಕುವ ಸಾಮಾನ್ಯ ವಾಷರಿನ ದಪ್ಪ 0.8 ಮಿಲಿಮೀಟರ್. ಅವರು ಡಬ್ಬಿಯಿಂದ ನಾಲ್ಕಾರು ವಾಷರುಗಳನ್ನು ತೆಗೆದು ಮೈಕ್ರೋಮೀಟರಿನಲ್ಲಿ ಒಂದೊಂದನ್ನೂ ಅಳೆದು, ಸರಿಯಾದುದನ್ನು ಆರಿಸಿಕೊಂಡರು. ಅದನ್ನು ಗುರುತಿನ ಸೆನ್ಸರಿನ ಮೂತಿಗೆ ಅಂಟಿಸಿದರು. ಅಂಟು ಬಿಟ್ಟು ವಾಷರು ಒಳಗೆ ಬಿದ್ದರೆ ಕ್ಲಚ್ಚನ್ನೆಲ್ಲ ಮತ್ತೆ ಬಿಚ್ಚಬೇಕಾದೀತೆಂದು ಅದಕ್ಕೊಂದು ದಾರವನ್ನೂ ಕಟ್ಟಿ ಹೊರಕ್ಕೆ ಬಿಟ್ಟುಕೊಂಡರು. ಬ್ಯಾಟರಿಯ ತಂತಿಯನ್ನು ಮೊದಲೇ ಬಿಡಿಸಿದ್ದಾಗಿತ್ತು.

ಎಂಜಿನ್ನನ್ನು ಮುಂಬದಿಯಿಂದ ಪಾನದ ಮೂಲಕ ಕೈಯಲ್ಲಿಯೇ ತಿರುಗಿಸುತ್ತ, ಫ್ಲೈವೀಲಿನ ತಿರುಪು ಸೆನ್ಸರಿನ ರಂಧ್ರಕ್ಕೆ ನೇರವಾಗಿ ಬರುವಂತೆ ನಿಲ್ಲಿಸಿದರು. ಚಿಕ್ಕ ಕನ್ನಡಿಯಲ್ಲಿ ಅದನ್ನು ನನಗೂ ತೋರಿಸಿದರು. ಮಸಿಯ ನಡುವೆ ಹೊಳೆಯುವ ಒಂದು ಬಿಂದು, ಅಷ್ಟೆ. ಹಿಡಿಕೆಯ ಬೋಲ್ಟನ್ನು ಸಡಿಲಿಸಿ, ವಾಷರು ತಿರುಪಿನ ತಲೆಗೆ ಮೆಲ್ಲನೆ ತಾಗುವವರೆಗೆ ಹಿಡಿಕೆಯನ್ನು ಇಳಿಸಿ, ಅಲ್ಲಿಯೇ ಬಿಗಿದರು. ಸೆನ್ಸರನ್ನು ಹೊರತೆಗೆದು ವಾಷರನ್ನು ಕಿತ್ತು, ಮೂತಿಯನ್ನು ಒರಸಿ, ಮತ್ತೆ ಕೂರಿಸಿದರು. ಈಗ ವಾಷರು ಇದ್ದ ಜಾಗದಲ್ಲಿ ಅದರಷ್ಟೇ ತೆರಪು ಉಳಿಯಿತು. ಎರಡೂ ಸೆನ್ಸರುಗಳು ಒಂದೇ ಹಿಡಿಕೆಯ ಮೇಲಿರುವುದರಿಂದ ಒಂದನ್ನು ಹೊಂದಿಸಿದರೆ ಇನ್ನೊಂದೂ ಹೊಂದಿಕೊಳ್ಳುತ್ತದೆ. ಎಲ್ಲಿಯೂ ತಾಗುತ್ತಿಲ್ಲವೆಂದು ತಿಳಿಯುವುದಕ್ಕೆ ಎಂಜಿನ್ನನ್ನು ಕೈಯಲ್ಲಿಯೇ ಎರಡು ಪೂರ್ತಿ ಸುತ್ತು ತಿರುಗಿಸಿ ಕಿವಿಗೊಟ್ಟು ಆಲಿಸಿದರು. ಆಮೇಲೆ ಬ್ಯಾಟರಿಯನ್ನು ಕೂಡಿಸಿ ಸ್ಟಾರ್ಟರನ್ನು ಒತ್ತಿಸಿದಾಗ ಮುಳ್ಳು ನಡುಗಿತು, ಎಂಜಿನ್ನು ಹತ್ತಿಕೊಂಡಿತು. ಒಟ್ಟು ಮೂರು ಗಂಟೆಯ ಕೆಲಸ. ಖರ್ಚಾದದ್ದು ಕೊಂಚ ಅಂಟು. ವಾಷರು ಮರಳಿ ಡಬ್ಬಿಗೆ ಸೇರಿತು.

ಈ ಪ್ರಸಂಗದಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ವರ್ಕ್‌ಶಾಪಿನವರ ಅಜ್ಞಾನವಲ್ಲ. ಅವರೂ ಕೆಲಸ ಬಲ್ಲವರೇ ಇದ್ದಿರಬೇಕು. ಆದರೆ ಕೆಟ್ಟದ್ದು ಯಾವುದೋ ಒಂದು ಭಾಗವೇ ಆಗಿರಬೇಕೆಂಬ ಎಣಿಕೆಯಿಂದ ಅವರು ಹುಡುಕಿದರು. ಭಾಗಗಳ ಪಟ್ಟಿಯಲ್ಲಿ ಸಂದಿಗೆ ಸ್ಥಾನವಿಲ್ಲ. ಅದಕ್ಕೆ ಸಂಖ್ಯೆಯಿಲ್ಲ, ಬೆಲೆಯಿಲ್ಲ, ಅದನ್ನು ಅಂಗಡಿಯಲ್ಲಿ ಕೊಳ್ಳುವಂತಿಲ್ಲ. ಕೂರಿಸುವವನೇ ತನ್ನ ಕೈಯಿಂದ ಅದನ್ನು ಮಾಡಿಕೊಡಬೇಕು. ಕನ್ನಡದಲ್ಲಿ ಬಿರುಕು ಎಂದರೆ ತಾನಾಗಿ ಬಿಟ್ಟದ್ದು, ದೋಷ. ತೆರಪು ಎಂದರೆ ಅವಕಾಶ, ಬಿಡುವು. ಸಂದಿ ಎಂಬ ಮಾತಂತೂ ಸಂಧಿಯ ತದ್ಭವ. ಎರಡು ಕೂಡುವ ಎಡೆಗೂ ಎರಡರ ನಡುವಣ ಬಯಲಿಗೂ ನಮ್ಮವರು ಒಂದೇ ಮೂಲದ ಮಾತುಗಳನ್ನು ಬಳಸಿದರು. 944ರ ಸೆನ್ಸರಿಗೂ ಚಕ್ರಕ್ಕೂ ಇರುವ ಸಂಬಂಧ ಹೆಚ್ಚುಕಡಮೆ ಅದೇ ಬಗೆಯದು.

ಇಂದಿನ ಪೆಟ್ರೋಲ್ ಕಾರುಗಳಲ್ಲಿ ಈ ಹೊಂದಾಣಿಕೆಯ ಕೆಲಸವಿಲ್ಲ. ಸೆನ್ಸರು ಕೂರುವ ಜಾಗವನ್ನು ಕಾರ್ಖಾನೆಯಲ್ಲಿಯೇ ಕರಾರುವಾಕ್ಕಾಗಿ ಕೊರೆದಿರುತ್ತಾರೆ, ಬೋಲ್ಟನ್ನು ಬಿಗಿದರೆ ಮುಗಿಯಿತು. ಎರಡರ ಬದಲು ಒಂದೇ ಸೆನ್ಸರು ಸಾಕಾಗುತ್ತದೆ. ಅದಕ್ಕಾಗಿ ಅವರು ಮಾಡಿಕೊಂಡ ಉಪಾಯ ವ್ಯಾಕರಣ ಬಲ್ಲವರಿಗೆ ಹಿಡಿಸುವಂಥದು. ಅರವತ್ತು ಹಲ್ಲುಗಳಿಗೆ ಜಾಗವಿರುವ ಚಕ್ರದಲ್ಲಿ ಎರಡನ್ನು ಬಿಟ್ಟು ಐವತ್ತೆಂಟನ್ನು ಮಾತ್ರ ಇಡುತ್ತಾರೆ. ಹಲ್ಲಿಲ್ಲದ ಆ ಜಾಗ ಎದುರಿಗೆ ಬಂದಾಗ ಗಣಕ ಅದನ್ನೇ ಸುತ್ತಿನ ಗುರುತೆಂದು ತಿಳಿಯುತ್ತದೆ. ಲೋಪವೇ ಅಲ್ಲಿ ಗುರುತಿನ ಕೆಲಸವನ್ನು ಮಾಡುತ್ತದೆ. ವಿದ್ಯುತ್ತಿನಿಂದ ಓಡುವ ಕಾರುಗಳಲ್ಲಿ ಪಿಸ್ಟನ್ನೂ ಇಲ್ಲ, ಕಿಡಿಯ ಹೊತ್ತನ್ನು ಕಾಯುವ ಪ್ರಮೇಯವೂ ಇಲ್ಲ.

ಹಾಗೆಂದು ಹಳೆಯ ತಿಳಿವಳಿಕೆ ನಿಷ್ಪ್ರಯೋಜಕವಾಯಿತೆಂದು ಹೇಳುವಂತಿಲ್ಲ. ಆ ದಶಕದ ಕಾರುಗಳು ಇನ್ನೂ ಓಡುತ್ತಿವೆ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತರೂ ನಮ್ಮ ಊರುಗಳಲ್ಲಿ ಅದನ್ನು ಜೋಪಾನವಾಗಿ ಇಟ್ಟುಕೊಂಡವರು ಇದ್ದಾರೆ. ಇಂಥ ಯಂತ್ರ ಮೂಲೆಗೆ ಬೀಳುವುದು ಅದರ ಭಾಗಗಳು ಸವೆದು ಹೋದದ್ದರಿಂದ ಮಾತ್ರವೇ ಅಲ್ಲ. ಅದರ ಅಳತೆಗಳನ್ನು ಬಲ್ಲವರು ಒಬ್ಬೊಬ್ಬರಾಗಿ ಇಲ್ಲವಾಗುವುದರಿಂದಲೂ ಅದು ಬೀಳುತ್ತದೆ. ಕಾರ್ಖಾನೆಯ ಕೈಪಿಡಿಯಲ್ಲಿ 0.8 ಎಂಬ ಅಂಕಿ ಅಚ್ಚಾಗಿಯೇ ಇದೆ. ಅದನ್ನು ಓದಿ, ಕಾಣದ ಜಾಗದಲ್ಲಿ ಕೈಯಾಡಿಸಿ ಸಾಧಿಸಬಲ್ಲವರು ಬೇಕು.

ಹಳೆಯ ಗಾಡಿಯ ಮಾಲೀಕರಾದ ಕೇಳುಗರಲ್ಲಿ ನನ್ನದೊಂದು ವಿನಂತಿ. ದೊಡ್ಡ ಭಾಗವೊಂದು ಕೆಟ್ಟಿದೆ, ಹೊಸದನ್ನು ತರಬೇಕು ಎಂದು ಯಾರಾದರೂ ಹೇಳಿದರೆ, ಹಣ ತೆಗೆಯುವುದಕ್ಕೆ ಮುಂಚೆ ಅವರನ್ನು ಒಂದು ಪ್ರಶ್ನೆ ಕೇಳಿ: ಈಗ ಇರುವುದು ಇರಬೇಕಾದ ದೂರದಲ್ಲಿ ಇದೆಯೆ, ಅಳೆದು ನೋಡಿದಿರಾ? ಅಳೆದಿಲ್ಲವೆಂದರೆ ಅಳೆಯಲು ಹೇಳಿ.

(ಬಾನುಲಿ ಭಾಷಣ)